ಮಾರಿಸನ್ನನ ‘ಜೇಗೊ’ ಕಾದಂಬರಿಯಲ್ಲಿ ಕೇರಿಯ ಪುನರ್ನಿರ್ಮಾಣದ ವಿಚಾರ

೧

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಲಂಡನ್ ನಗರದ ಪೂರ್ವಭಾಗದ ಬಡಜನರ ಬಾಳನ್ನು ವಸ್ತುವಾಗಿ ಮಾಡಿಕೊಂಡು ಹುಟ್ಟಿದ ಆಂಗ್ಲ ಕಾದಂಬರಿಗಳಲ್ಲಿ ಆರ್ಥರ್ ಮಾರಿಸನ್ನನ ‘ಎ ಚೈಲ್ಡ್ ಆಫ್ ದಿ ಜೇಗೊ’ ಎಂಬುದು ಹಲವು ಕಾರಣಗಳಿಂದ ಗಣನೀಯವಾದುದು. ೧೮೯೬ರ ನವೆಂಬರಿನಲ್ಲಿ ಪ್ರಕಟವಾದ ಈ ಗ್ರಂಥದಲ್ಲಿ ವರ್ಣಿತವಾಗಿರುವ ‘ಜೇಗೊ’ ಎಂಬ ಕೇರಿಯು ಕಲ್ಪಿತನಾಮವುಳ್ಳದ್ದಾದರೂ ಕಲ್ಪಿತಸ್ಥಳವಲ್ಲ. ಷೋರ್ಡಿಚ್ ಮತ್ತು ಬೆತ್ನಲ್ ಗ್ರೀನ್‌ಗಳ ಗಡಿಯಲ್ಲಿದ್ದ ‘ಓಲ್ಡ್ ನಿಕಲ್’ ಎಂಬ ಕೇರಿಯೇ ಅದು. ಗ್ರಂಥದ ಆದಿಯಲ್ಲಿ ಕೊಟ್ಟಿರುವ ನಕ್ಷೆಯನ್ನು ಆ ಕಾಲದ ನಗರದ ನಕ್ಷೆಯೊಡನೆ ಹೋಲಿಸಿ ನೋಡಿದರೆ ಬೀದಿಗೆ ಬೀದಿ ಹೊಂದುತ್ತದೆ. ಕಾದಂಬರಿಯು ಅಚ್ಚಾಗುವ ವೇಳೆಗೆ ಆ ಬೀದಿಗಳು ಕೆಡವಲ್ಪಡುತ್ತಿದ್ದುವು. ಅವುಗಳ ಸ್ಥಾನದಲ್ಲಿ ಲಂಡನ್ ಕೌಂಟಿ ಕೌನ್ಸಿಲಿನವರು ಹೊಸ ವಸತಿಗೃಹಗಳನ್ನು ಎಬ್ಬಿಸುತ್ತಿದ್ದರು. ಹೀಗೆ ಒಂದು ಕೇರಿಯ ನಾಶವೂ, ಆ ಕೇರಿಯ ಸಾಹಿತ್ಯಕ ಚಿತ್ರವೂ, ಅಲ್ಲಿಯ ಹೊಸ ನಿರ್ಮಾಣವೂ ಏಕಕಾಲದಲ್ಲಿ ನಡೆದುದು ಸಾಹಿತ್ಯಚರಿತ್ರೆಯಲ್ಲಿ ಅಪರೂಪವಾದ ಸಂಗತಿ.

ಈ ಕಾದಂಬರಿಯನ್ನು ಕುರಿತು ಆಂಗ್ಲ ವಿಮರ್ಶಕರು ಎತ್ತಿದ ಮುಖ್ಯ ಪ್ರಶ್ನೆಯು ಅದರ ವಾಸ್ತವತೆಯದು. ಚಿತ್ರವು ಸತ್ಯವೋ ಅತ್ಯುಕ್ತಿಯೋ ಎಂಬ ವಾದದಲ್ಲಿಯೇ ಬಹಳ ಕಾಲ ಕಳೆಯಿತು. ಆದರೆ ಅದಕ್ಕಿಂತ ಮೂಲಭೂತವಾದ ಇನ್ನೊಂದು ಪ್ರಶ್ನೆಯಿದೆ. ಕೇರಿಯು ಕೆಟ್ಟುದೇಕೆ, ಅದನ್ನು ಕೆಡವಿದ ಮೇಲೆ ಅಲ್ಲಿದ್ದ ಜನರು ಏನಾದರು ಎಂಬ ಎರಡು ವಿಷಯಗಳಲ್ಲಿ ಕಾದಂಬರಿಯು ಕೊಡುವ ಉತ್ತರವೇನು? ಈ ಪ್ರಶ್ನೆಯನ್ನು ಹಿಡಿದು ಪರಿಶೀಲಿಸಿದರೆ, ಗ್ರಂಥದಲ್ಲಿ ಒಂದಲ್ಲ, ಮೂರು ಉತ್ತರಗಳಿವೆಯೆಂದೂ, ಅವು ಒಂದಕ್ಕೊಂದು ವಿರುದ್ಧವಾದುವೆಂದೂ, ಅವುಗಳಲ್ಲಿ ಗ್ರಂಥಕರ್ತನು ನಂಬಿದ್ದ ಉತ್ತರಕ್ಕಿಂತ ಅವನ ಕಣ್ಣು ಕಂಡ ಉತ್ತರವೇ ಬಲವಾದುದೆಂದೂ ಸ್ಪಷ್ಟವಾಗುತ್ತದೆ. ಇದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಚರಿತ್ರೆಯ ಅಂಶಗಳನ್ನು ತಿಳಿಯಬೇಕು. ಓಲ್ಡ್ ನಿಕಲ್ ಎಂಬುದು ಸುಮಾರು ಹದಿನೈದು ಎಕರೆಯೊಳಗೆ ಅಡಕವಾಗಿದ್ದ ಇಕ್ಕಟ್ಟಾದ ಓಣಿಗಳ ಸಮೂಹ. ಅಲ್ಲಿಯ ಮರಣಪ್ರಮಾಣವು ಬೆತ್ನಲ್ ಗ್ರೀನ್‌ನ ಉಳಿದ ಭಾಗದ ಪ್ರಮಾಣಕ್ಕೆ ಸುಮಾರು ಇಮ್ಮಡಿಯಾಗಿತ್ತು. ಹುಟ್ಟಿದ ನಾಲ್ಕು ಶಿಶುಗಳಲ್ಲಿ ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿತ್ತು. ಚಾರ್ಲ್ಸ್ ಬೂತನು ೧೮೮೯ರಲ್ಲಿ ಹೊರಡಿಸಿದ ದಾರಿದ್ರ್ಯದ ನಕ್ಷೆಯಲ್ಲಿ ಈ ಬೀದಿಗಳಿಗೆ ಕಪ್ಪು ಮತ್ತು ಕಡುನೀಲಿ ಬಣ್ಣಗಳನ್ನು ಹಾಕಿದ್ದಾನೆ. ಆ ನಕ್ಷೆಯ ಸೂಚಿಯಲ್ಲಿ ಕಪ್ಪು ಬಣ್ಣಕ್ಕೆ ಕೊಟ್ಟಿರುವ ಅರ್ಥವು ಕೇವಲ ಬಡತನವಲ್ಲ, ದುಶ್ಶೀಲತೆ ಮತ್ತು ಅರೆ-ಅಪರಾಧವೃತ್ತಿ ಎಂಬುದನ್ನು ಗಮನಿಸಬೇಕು. ಆದಾಯವನ್ನು ಅಳೆಯಲು ಹೊರಟ ನಕ್ಷೆಯು ಶೀಲವನ್ನೂ ಅಳೆದುಬಿಟ್ಟಿತು.

ಅಲ್ಲಿದ್ದವರಾದರೂ ಯಾರು? ಸಾರಾ ವೈಸ್ ಅವರು ‘ದಿ ಬ್ಲ್ಯಾಕೆಸ್ಟ್ ಸ್ಟ್ರೀಟ್ಸ್’ ಎಂಬ ೨೦೦೮ರ ಗ್ರಂಥದಲ್ಲಿ ದಾಖಲೆಗಳನ್ನು ಶೋಧಿಸಿ ತೋರಿಸಿರುವಂತೆ, ಕಳ್ಳಕಾಕರು ಇದ್ದುದು ನಿಜವಾದರೂ ಹೆಚ್ಚಿನವರು ಮರಗೆಲಸದವರು, ತಳ್ಳುಗಾಡಿಯ ಮಾರಾಟಗಾರರು, ಮನೆಯಲ್ಲಿಯೇ ಬಿಡಿಗೆಲಸ ಮಾಡುವ ಹೆಂಗಸರು, ದಿನಗೂಲಿಯವರು. ಮನೆಗಳ ಒಡೆತನವು ಊರಿನ ಸ್ಥಳೀಯ ಸಭೆಯ ಸದಸ್ಯರ ಕೈಯಲ್ಲಿಯೂ ಕುಲೀನರ ಕೈಯಲ್ಲಿಯೂ ಇತ್ತು. ಕೋಣೆಯ ಘನ ಅಳತೆಯನ್ನು ಹಿಡಿದು ಲೆಕ್ಕಮಾಡಿದರೆ, ಈ ಹಾಳುಕೋಣೆಗಳ ಬಾಡಿಗೆಯು ಪಶ್ಚಿಮ ಲಂಡನ್ನಿನ ಶ್ರೀಮಂತರ ಮನೆಗಳ ಬಾಡಿಗೆಗಿಂತಲೂ ಹೆಚ್ಚಾಗುತ್ತಿತ್ತು. ಎಂದರೆ ಕೇರಿಯ ದುರವಸ್ಥೆಯು ಯಾರಿಗೂ ಬೇಡವಾದ ವಸ್ತುವಾಗಿರಲಿಲ್ಲ. ಅದರಿಂದ ಫಲವನ್ನು ಪಡೆಯುವವರು ಇದ್ದರು.

೧೮೮೯ರಲ್ಲಿ ಸ್ಥಾಪಿತವಾದ ಕೌಂಟಿ ಕೌನ್ಸಿಲು, ೧೮೯೦ರ ಶ್ರಮಿಕವರ್ಗಗಳ ವಸತಿಯ ಶಾಸನವನ್ನು ಆಧಾರವಾಗಿ ಹಿಡಿದು, ಈ ಕೇರಿಯನ್ನು ಪೂರ್ತಿಯಾಗಿ ಕೆಡವಿ ಹೊಸದಾಗಿ ಕಟ್ಟುವ ಯೋಜನೆಯನ್ನು ಕೈಗೊಂಡಿತು. ಬೌಂಡರಿ ಸ್ಟ್ರೀಟ್ ಯೋಜನೆಯೆಂದು ಇದಕ್ಕೆ ಹೆಸರು. ಓವೆನ್ ಫ್ಲೆಮಿಂಗ್ ಎಂಬ ಶಿಲ್ಪಿಯ ಮೇಲ್ವಿಚಾರಣೆಯಲ್ಲಿ ಕೆಂಪು ಮತ್ತು ಹಳದಿ ಇಟ್ಟಿಗೆಗಳ ಭವ್ಯವಾದ ಗೃಹಗಳೆದ್ದುವು. ಕೆಡವಿದ ಮನೆಗಳ ಅವಶೇಷವನ್ನೇ ನಡುವೆ ರಾಶಿಹಾಕಿ ಎತ್ತರವಾದ ವೃತ್ತಾಕಾರದ ಉದ್ಯಾನವನ್ನು ಮಾಡಿದರು. ಅದರ ಸುತ್ತಲಿಂದ ಬೀದಿಗಳು ಚಕ್ರದ ಅರೆಗಳಂತೆ ಹೊರಟುವು. ಬಟ್ಟೆ ಒಗೆಯುವ ಶಾಲೆ, ಕಸಬಿನ ಅಂಗಡಿಗಳು, ಮಕ್ಕಳ ಪಾಠಶಾಲೆಗಳು ಎಲ್ಲವೂ ಸೇರಿದ್ದುವು. ೧೯೦೦ರ ಮಾರ್ಚಿನಲ್ಲಿ ಆಗಿನ ಯುವರಾಜನು ಇದರ ಪ್ರಾರಂಭೋತ್ಸವವನ್ನು ನೆರವೇರಿಸಿದನು. ನಗರಾಡಳಿತವು ತಾನೇ ಹೊಣೆಹೊತ್ತು ಬಡವರಿಗೆಂದು ಕಟ್ಟಿಸಿದ ವಸತಿಗಳಲ್ಲಿ ಇದು ಇಂಗ್ಲೆಂಡಿನ ಅತಿ ಮೊದಲಿನವುಗಳಲ್ಲಿ ಒಂದೆಂದು ಎಣಿಸಲ್ಪಟ್ಟಿದೆ. ಕಟ್ಟಡಗಳು ಇಂದಿಗೂ ನಿಂತಿವೆ. ಅವುಗಳ ಸೊಬಗಿನ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ.

ಆದರೆ ಅಂಕಿಗಳನ್ನು ನೋಡಬೇಕು. ಸ್ಥಳವನ್ನು ಬಿಟ್ಟು ಹೋಗಬೇಕಾದವರು ೫,೭೧೯ ಮಂದಿ. ಹೊಸದಾಗಿ ಕಟ್ಟಿದ ಮನೆಗಳು ೧,೦೬೯. ಅವುಗಳಲ್ಲಿ ೫,೫೨೪ ಮಂದಿಗೆ ಸ್ಥಳವೆಂದು ಲೆಕ್ಕ. ಸಂಖ್ಯೆಗೆ ಸಂಖ್ಯೆ ಹೆಚ್ಚುಕಡಮೆ ಸರಿಹೋಯಿತು. ಹೀಗಿದ್ದರೂ ಹಳೆಯ ನಿವಾಸಿಗಳಲ್ಲಿ ಹೊಸ ಮನೆಗಳಿಗೆ ಬಂದವರು ೧೧ ಮಂದಿ ಮಾತ್ರ. ಇದಕ್ಕೆ ಕಾರಣವನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಹಳೆಯ ಕೇರಿಯಲ್ಲಿ ಒಂದು ಸಂಸಾರಕ್ಕೆ ಒಂದು ಕೋಣೆಯೆಂಬುದೇ ಸಾಮಾನ್ಯವಾಗಿತ್ತು. ಹೊಸ ೧,೦೬೯ ಮನೆಗಳಲ್ಲಿ ಒಂದೇ ಕೋಣೆಯವು ೧೫. ಎರಡು ಕೋಣೆಯವು ೫೪೧, ಮೂರು ಕೋಣೆಯವು ೪೦೦, ಉಳಿದವು ಇನ್ನೂ ದೊಡ್ಡವು. ನಿರ್ಮಾಣದ ವೆಚ್ಚವು ತೆರಿಗೆದಾರರ ಮೇಲೆ ಬೀಳದೆ ಬಾಡಿಗೆಯಿಂದಲೇ ಹುಟ್ಟಬೇಕೆಂಬುದು ಕೌನ್ಸಿಲಿನ ನಿಯಮ. ಹೀಗಿರಲು ವಾರವಾರಕ್ಕೆ ಒಂದು ಕೋಣೆಯ ಬಾಡಿಗೆಯನ್ನೇ ಕಷ್ಟದಿಂದ ಹೊಂದಿಸುತ್ತಿದ್ದವನು ಎರಡು ಕೋಣೆಯನ್ನು ಹಿಡಿಯುವುದೆಂತು? ಶಾಸನದಂತೆ ದೊರೆಯಬೇಕಾದ ಪರಿಹಾರದ ಹಿರಿಯ ಪಾಲು ಮನೆಯ ಒಡೆಯನದು. ವಾರದ ಬಾಡಿಗೆಯವನಿಗೆ ಸಿಕ್ಕಿದುದು ಮನೆಯನ್ನು ಬಿಡಬೇಕೆಂಬ ಸೂಚನೆ. ಅವನು ಬೆತ್ನಲ್ ಗ್ರೀನ್‌ನ ಉಳಿದ ಓಣಿಗಳಿಗೂ ಡಾಲ್‌ಸ್ಟನ್ ಕಡೆಗೂ ಹೋದನು. ಹೊಸ ಮನೆಗಳಿಗೆ ಬಂದವರು ಸ್ಥಿರವಾದ ಸಂಬಳವುಳ್ಳ ಬೇರೆ ಜನ.

೩

ಇನ್ನು ಗ್ರಂಥಕರ್ತನ ವಿಷಯ. ಮಾರಿಸನ್ನನು ೧೮೬೩ರಲ್ಲಿ ಪೂರ್ವ ಲಂಡನ್ನಿನ ಪಾಪ್ಲರಿನಲ್ಲಿಯೇ ಹುಟ್ಟಿದವನು. ತಂದೆಯು ಯಂತ್ರಗಳನ್ನು ಜೋಡಿಸುವ ಕುಶಲಕರ್ಮಿ. ಕೀರ್ತಿ ಬಂದ ಮೇಲೆ ಈತನು ತನ್ನ ಹುಟ್ಟಿನ ವಿಷಯವನ್ನು ಮರೆಮಾಡುತ್ತ ಬಂದನು. ೧೮೯೪ರಲ್ಲಿ ‘ಟೇಲ್ಸ್ ಆಫ್ ಮೀನ್ ಸ್ಟ್ರೀಟ್ಸ್’ ಎಂಬ ಕಥಾಸಂಗ್ರಹದಿಂದ ಪ್ರಸಿದ್ಧನಾದ ಈತನನ್ನು, ಓಲ್ಡ್ ನಿಕಲ್ಲಿನ ಪಾದ್ರಿಯಾದ ಆರ್ಥರ್ ಆಸ್‌ಬರ್ನ್ ಜೇ ಎಂಬವನು ತನ್ನ ಕೇರಿಗೆ ಬರಮಾಡಿಕೊಂಡನು. ಮಾರಿಸನ್ನನು ಬಹುಕಾಲ ಅಲ್ಲಿ ಓಡಾಡಿ ವಿಷಯಗಳನ್ನು ಸಂಗ್ರಹಿಸಿದನು. ಗ್ರಂಥವು ಜೇ ಪಾದ್ರಿಗೇ ಅಂಕಿತವಾಗಿದೆ; ಅದರಲ್ಲಿ ಬರುವ ಫಾದರ್ ಸ್ಟರ್ಟ್ ಎಂಬ ಪಾತ್ರಕ್ಕೆ ಈ ಪಾದ್ರಿಯೇ ಮೂಲ.

ಜೇ ಪಾದ್ರಿಯು ಕರ್ಮಠನೂ ಧೈರ್ಯಶಾಲಿಯೂ ಆಗಿದ್ದನು. ಚರ್ಚಿನ ಕೆಳಗೆ ವ್ಯಾಯಾಮಶಾಲೆಯನ್ನು ತೆರೆದು, ಮುಷ್ಟಿಯುದ್ಧವನ್ನು ಏರ್ಪಡಿಸಿ, ಕೇರಿಯ ಗಂಡಸರನ್ನು ಒಲಿಸಿಕೊಂಡನು. ನೆಲೆಯಿಲ್ಲದವರಿಗೆ ತಂಗುವ ಮನೆಯನ್ನು ನಡಸಿದನು. ಆದರೆ ಅಪರಾಧವು ರಕ್ತದಲ್ಲಿ ಬರುವುದೆಂದೂ, ತಿದ್ದಲಾಗದವರನ್ನು ಜೀವಾವಧಿ ಪ್ರತ್ಯೇಕವಾದ ನೆಲೆಗಳಲ್ಲಿ ಇಟ್ಟು ಅವರ ಸಂತತಿಯು ಬೆಳೆಯದಂತೆ ಮಾಡಬೇಕೆಂದೂ ಈತನ ಮತ. ಮಾರಿಸನ್ನನೂ ಈ ಮತವನ್ನು ಬಹಿರಂಗವಾಗಿ ಸಮರ್ಥಿಸಿದನು. ಕಾದಂಬರಿಯಲ್ಲಿ ಶಿಶುವೊಂದರ ಜನನಕಾಲದಲ್ಲಿ ವೈದ್ಯನೂ ಫಾದರ್ ಸ್ಟರ್ಟನೂ ಮಾತನಾಡುವ ಸಂದರ್ಭವೊಂದಿದೆ. ಇಂಥ ಕೇರಿಯಲ್ಲಿ ಹುಟ್ಟುವುದಕ್ಕಿಂತ ಹುಟ್ಟದಿರುವುದೇ ಲೇಸೆಂಬುದು ಆ ಸಂಭಾಷಣೆಯ ಸಾರ. ಇದು ಕೇರಿಯ ಕೇಡಿಗೆ ಕಾದಂಬರಿ ಕೊಡುವ ಮೊದಲನೆಯ ಉತ್ತರ. ಇದನ್ನು ‘ಬೀಜವಾದ’ವೆನ್ನಬಹುದು.

ಎರಡನೆಯ ಉತ್ತರವು ‘ಸೋಂಕುವಾದ’. ಕಾದಂಬರಿಯ ವರ್ಣನೆಗಳಲ್ಲಿ ರೋಗದ ರೂಪಕಗಳು ಪದೇ ಪದೇ ಬರುತ್ತವೆ. ಕೇರಿಯು ಹುಣ್ಣಿನಂತೆ, ವಿಷದಂತೆ, ಅಂಟುರೋಗದಂತೆ ಕಾಣುತ್ತದೆ. ಗ್ರಂಥವು ಹೊರಬಿದ್ದ ತಿಂಗಳಲ್ಲಿಯೇ ಅದನ್ನು ವಿಮರ್ಶಿಸಿದ ಎಚ್. ಜಿ. ವೆಲ್ಸನು ಬೀಜವಾದವನ್ನು ಖಂಡಿಸಿ, ಜೇಗೊದ ಜನರು ಕುಲದಲ್ಲಿ ಇತರ ಆಂಗ್ಲರಿಂದ ಭಿನ್ನರಲ್ಲ, ಅಲ್ಲಿಯ ಕೇಡು ಪಿತ್ರಾರ್ಜಿತವಲ್ಲ, ಸಂಸರ್ಗದಿಂದ ಬಂದುದು ಎಂದನು. ಇದು ಬೀಜವಾದಕ್ಕಿಂತ ಎಷ್ಟೋ ಮೇಲು. ಆದರೂ ಸೋಂಕೆಂಬ ಮಾತಿನಲ್ಲಿ ಒಂದು ದೋಷವು ಉಳಿಯುತ್ತದೆ. ಸೋಂಕಿದವನೇ ಸೋಂಕನ್ನು ಹರಡುವವನೂ ಆಗುತ್ತಾನಷ್ಟೆ. ಅವನನ್ನು ದೂರವಿಡಬೇಕೆಂಬ ಬುದ್ಧಿಯು ಆ ರೂಪಕದ ಬೆನ್ನಿಗೇ ಬರುತ್ತದೆ.

ಎಚ್. ಡಿ. ಟ್ರೇಲನು ೧೮೯೭ರ ಜನವರಿಯಲ್ಲಿ ಬರೆದ ಲೇಖನದಲ್ಲಿ, ಮಾರಿಸನ್ನನ ಜೇಗೊ ವಾಸ್ತವವೇ ಅಲ್ಲ, ವಿಕಾರಗಳನ್ನು ಆಯ್ದು ಪೋಣಿಸಿದ ಮಾಯಾಲೋಕ ಎಂದು ಆಕ್ಷೇಪಿಸಿದನು. ಕೇರಿಯನ್ನು ಬಲ್ಲವರ ಸಾಕ್ಷ್ಯವನ್ನೂ ಕೂಡಿಸಿದನು. ಮಾರಿಸನ್ನನು ಅದೇ ವರ್ಷ ಪ್ರತ್ಯುತ್ತರವನ್ನು ಬರೆದು, ತಾನು ಕಂಡುದನ್ನೇ ಬರೆದೆನೆಂದು ವಾದಿಸಿದನು. ಇಬ್ಬರ ವಾದದಲ್ಲಿಯೂ ಅರ್ಧ ಸತ್ಯವಿದೆ. ಕಂಡುದನ್ನು ಬರೆದಿದ್ದಾನೆಂಬುದು ನಿಜ. ಕಂಡುದೆಲ್ಲವನ್ನೂ ಬರೆದಿಲ್ಲವೆಂಬುದೂ ನಿಜ. ಓಲ್ಡ್ ನಿಕಲ್ಲಿನ ಮರಗೆಲಸದವರ ಉಳಿಯ ಶಬ್ದವು ಜೇಗೊದಲ್ಲಿ ಕೇಳಿಸುವುದಿಲ್ಲ.

೪

ಕಥೆಯನ್ನು ಸಂಗ್ರಹವಾಗಿ ಹೇಳಬಹುದು. ಡಿಕಿ ಪೆರಟ್ ಎಂಬ ಬಾಲಕನು ಜೇಗೊದಲ್ಲಿ ಬೆಳೆಯುತ್ತಾನೆ. ಕಳವಿನ ಮಾಲನ್ನು ಕೊಳ್ಳುವ ಆರನ್ ವೀಚನೆಂಬ ಕಾಫಿ ಅಂಗಡಿಯವನು ಅವನನ್ನು ಕಳ್ಳತನಕ್ಕೆ ಹಚ್ಚುತ್ತಾನೆ. ಫಾದರ್ ಸ್ಟರ್ಟನು ಅವನಿಗೆ ಒಂದು ಅಂಗಡಿಯಲ್ಲಿ ಕೆಲಸ ಕೊಡಿಸುತ್ತಾನೆ. ವೀಚನು ಅಂಗಡಿಯವನ ಕಿವಿಯಲ್ಲಿ ಸುಳ್ಳನ್ನು ಊದಿ ಆ ಕೆಲಸವನ್ನು ತಪ್ಪಿಸುತ್ತಾನೆ. ತಂದೆಯಾದ ಜಾಷ್ ಪೆರಟನು ಕಳ್ಳತನಮಾಡಿ, ವೀಚನ ದ್ರೋಹದಿಂದ ಸಿಕ್ಕಿಬಿದ್ದು, ಸೆರೆಯಿಂದ ಬಂದ ಮೇಲೆ ಅವನನ್ನು ಕೊಂದು ನೇಣಿಗೇರುತ್ತಾನೆ. ಹದಿನೇಳರ ಹರೆಯದಲ್ಲಿ ಡಿಕಿಯು ಬೀದಿಯ ಜಗಳದಲ್ಲಿ ಇರಿತಕ್ಕೆ ಸಿಕ್ಕಿ, ಇರಿದವನ ಹೆಸರನ್ನು ಹೇಳದೆ ಪ್ರಾಣಬಿಡುತ್ತಾನೆ.

ಬೀಜವಾದವನ್ನು ಸ್ಥಾಪಿಸಲು ಹೊರಟ ಕಥೆಯಾಗಿದ್ದರೆ ಇದರ ಯೋಜನೆಯೇ ತಪ್ಪು. ಡಿಕಿಯ ತಾಯಿ ಹ್ಯಾನಳು ಜೇಗೊದ ಹೆಣ್ಣಲ್ಲ; ಹೊರಗಿನ ಮರ್ಯಾದಸ್ಥ ಕುಶಲಕರ್ಮಿಯ ಮಗಳು. ಆ ಕಾರಣದಿಂದಲೇ ಕೇರಿಯ ಹೆಂಗಸರು ಅವಳನ್ನು ದ್ವೇಷಿಸುತ್ತಾರೆ. ತಂದೆಯು ಗಾರೆಯ ಕೆಲಸವನ್ನು ಕಲಿತವನು. ಹಾಗಾದರೆ ಯಾವ ಬೀಜವು ಡಿಕಿಯಲ್ಲಿ ಮೊಳೆಯಿತು? ಅಂಗಡಿಯಲ್ಲಿ ಕೆಲಸ ಸಿಕ್ಕಿದಾಗ ಆ ಹುಡುಗನು ಪಡುವ ಹಿಗ್ಗೂ, ಮುಂದೊಂದು ದಿನ ತಾನೂ ಅಂಗಡಿಯನ್ನಿಡಬೇಕೆಂಬ ಅವನ ಕನಸೂ ಗ್ರಂಥದ ಅತ್ಯಂತ ಹೃದ್ಯವಾದ ಭಾಗ. ಆ ಕನಸನ್ನು ಮುರಿದುದು ರಕ್ತವಲ್ಲ. ಕಳವಿನ ಮಾಲನ್ನು ಅಗ್ಗವಾಗಿ ತರುವ ಹುಡುಗನು ಕೈತಪ್ಪಿಹೋದನೆಂಬ ವ್ಯಾಪಾರಿಯ ನಷ್ಟದ ಲೆಕ್ಕ. ಗಂಡನು ಸೆರೆಯಲ್ಲಿದ್ದಾಗ ಹ್ಯಾನಳು ಬೆಂಕಿಪೆಟ್ಟಿಗೆಗಳನ್ನು ಅಂಟಿಸುವ ಪ್ರಕರಣವೂ ಹಾಗೆಯೇ. ಪೆಟ್ಟಿಗೆಯನ್ನು ಮಡಿಸುವ, ಅಂಟಿಸುವ, ಒಣಗಿಸುವ ಕ್ರಮವನ್ನೂ, ಗ್ರೋಸೊಂದಕ್ಕೆ ಸಿಗುವ ಕೂಲಿಯ ಅಲ್ಪತೆಯನ್ನೂ ಮಾರಿಸನ್ನನು ಕಣ್ಣಿಗೆ ಕಟ್ಟುವಂತೆ ಬರೆಯುತ್ತಾನೆ. ದುಡಿಮೆಗೆ ಹೇಸುವ ಜನವೆಂದು ಹೇಳಿದ ಕೇರಿಯಲ್ಲಿ ಬೆಳಗಿನಿಂದ ಇರುಳಿನವರೆಗೆ ದುಡಿದರೂ ಹೊಟ್ಟೆ ತುಂಬದ ಹೆಂಗಸನ್ನು ಅವನೇ ತೋರಿಸಿಕೊಡುತ್ತಾನೆ.

ರಸದ ದೃಷ್ಟಿಯಿಂದ ನೋಡಿದರೂ ಇದೇ ಒಡಕು ಕಾಣುತ್ತದೆ. ಸಾಮಾನ್ಯವಾಗಿ ಕಾದಂಬರಿಗಳಲ್ಲಿ ಸ್ಥಳವು ಉದ್ದೀಪನವಿಭಾವ, ಪಾತ್ರವು ಆಲಂಬನ. ಮಾರಿಸನ್ನನು ಈ ಕ್ರಮವನ್ನು ತಿರುವುಮುರುವು ಮಾಡಿದ್ದಾನೆ. ಜೇಗೊ ಎಂಬ ಕೇರಿಯೇ ಆಲಂಬನ. ಅಲ್ಲಿಯ ಜನ ಹೆಚ್ಚಿನ ಕಡೆಗಳಲ್ಲಿ ಅದನ್ನು ಉದ್ದೀಪಿಸುವ ಸಾಧನ. ಗುಂಪು ಗುಂಪಾಗಿ ಹೊಡೆದಾಡುವ, ಕುಡಿಯುವ, ಕದಿಯುವ ಚಿತ್ರಗಳಿಂದ ಬೀಭತ್ಸವು ಪುಷ್ಟವಾಗುತ್ತದೆ. ಬೀಭತ್ಸ ಕರುಣಗಳು ಸ್ವಭಾವತಃ ವಿರೋಧಿಗಳಲ್ಲ. ರಣಾಂಗಣದ ವರ್ಣನೆಗಳಲ್ಲಿ ಅವೆರಡೂ ಕೂಡಿ ಬರುವುದುಂಟು. ಆದರೆ ಜುಗುಪ್ಸೆಯು ಜನರ ಸ್ಥಿತಿಯನ್ನು ಬಿಟ್ಟು ಜನರ ಮೇಲೆಯೇ ತಿರುಗಿದಾಗ ಶೋಕಕ್ಕೆ ನಿಲ್ಲಲು ನೆಲೆಯಿರುವುದಿಲ್ಲ. ಕಾದಂಬರಿಯ ಬಹುಭಾಗದಲ್ಲಿ ಆಗಿರುವುದು ಇದೇ. ಎಲ್ಲಿ ಗುಂಪು ಸರಿದು ಒಬ್ಬ ವ್ಯಕ್ತಿ ಉಳಿಯುವನೋ ಅಲ್ಲಿ ಮಾತ್ರ ಕರುಣವು ತಲೆಯೆತ್ತುತ್ತದೆ. ತಂಗಿಯಾದ ಲೂಯಿಯು ಸತ್ತಾಗ ಡಿಕಿಯು ತನ್ನ ದುಃಖವನ್ನು ಹೇಳಿಕೊಳ್ಳುವುದು ಹಿತ್ತಿಲಿನ ಬಡಕಲು ಕತ್ತೆಯ ಹತ್ತಿರ. ಮನುಷ್ಯರ ನಡುವೆ ಕೇಳುವ ಕಿವಿಯಿಲ್ಲವೆಂಬುದನ್ನು ಈ ಒಂದು ಸನ್ನಿವೇಶದಲ್ಲಿ ಹೇಳಿರುವಷ್ಟು ಚೆನ್ನಾಗಿ ಬೇರೆಲ್ಲಿಯೂ ಹೇಳಿಲ್ಲ. ಅಲ್ಲಿ ಓದುವವನ ಮನಸ್ಸಿನಲ್ಲಿ ಜುಗುಪ್ಸೆಯ ಲೇಶವೂ ಇರುವುದಿಲ್ಲ.

೫

ಈಗ ಪ್ರಕೃತ ವಿಚಾರಕ್ಕೆ ಮುಖ್ಯವಾದ ಭಾಗಕ್ಕೆ ಬರಬಹುದು. ಕಾದಂಬರಿಯ ಕೊನೆಯ ಅಧ್ಯಾಯಗಳಲ್ಲಿ ಜೇಗೊದ ಒಂದು ಭಾಗವು ಬಿದ್ದುಹೋಗಿ, ಹಳದಿ ಇಟ್ಟಿಗೆಯ ದೊಡ್ಡ ಮನೆಗಳು ಎದ್ದಿವೆ. ಅಲ್ಲಿ ಮಾರಿಸನ್ನನು ಹೊರದೂಡಲ್ಪಟ್ಟವರ ಗತಿಯನ್ನು ಒಂದು ಸಣ್ಣ ಪ್ರಘಟ್ಟದಲ್ಲಿ ಹೇಳುತ್ತಾನೆ. ಅದರ ಸಾರಾಂಶವಿಷ್ಟು: ಕೇರಿಯನ್ನು ಬಿಟ್ಟವರು ಗಡಿಯಾಚೆಯ ಬೀದಿಗಳಲ್ಲಿ ಹೊಕ್ಕು, ಅವುಗಳಿಗೂ ಸೋಂಕನ್ನು ಹತ್ತಿಸಿ, ಅಲ್ಲಿಯ ಜನರನ್ನು ಇನ್ನಷ್ಟು ಇಕ್ಕಟ್ಟಿಗೆ ಗುರಿಮಾಡಿದರು; ಹೊಸ ಮನೆಗಳಿಗೆ ಮಾತ್ರ ಮರಳಿ ಬರಲಿಲ್ಲ; ಕೌನ್ಸಿಲು ಕೇಳುವ ಬಾಡಿಗೆಯು ಹಳೆಯ ಬಾಡಿಗೆಯ ಎರಡರಷ್ಟಕ್ಕೆ ತುಸುವೇ ಹೆಚ್ಚಾಗಿದ್ದರೂ ಅವರು ಬಾರದಿದ್ದುದು ವಿಚಿತ್ರವಲ್ಲವೆ; ಹೀಗೆ ಹೊಸ ಮನೆಗಳ ಸುತ್ತಲೂ ಬಳೆಯಾಕಾರದಲ್ಲಿ ಇನ್ನೊಂದು ಜೇಗೊ ಬೆಳೆಯುತ್ತಿತ್ತು.

ಈ ಪ್ರಘಟ್ಟದಲ್ಲಿ ಎರಡು ಧ್ವನಿಗಳಿವೆ. ಮೊದಲನೆಯದು ಸೋಂಕಿನದು, ಜನರು ರೋಗವನ್ನು ಹೊತ್ತುಕೊಂಡು ಹೋಗುವವರು. ಎರಡನೆಯದು ಬಾಡಿಗೆಯದು. ಬಾಡಿಗೆಯ ಮಾತು ಬರುವ ವಾಕ್ಯವು ಆಲಂಕಾರಿಕರು ವ್ಯಾಜಸ್ತುತಿಯೆಂದು ಕರೆಯುವ ಜಾತಿಯದು. ಕೌನ್ಸಿಲಿನ ಔದಾರ್ಯವನ್ನು ಹೊಗಳುವಂತೆ ನಟಿಸಿ, ಆ ಔದಾರ್ಯದ ಟೊಳ್ಳನ್ನು ಬಯಲಿಗಿಡುತ್ತದೆ. ಎರಡರಷ್ಟು ಎಂಬ ಪ್ರಮಾಣದಲ್ಲಿ ಅತ್ಯುಕ್ತಿಯಿದೆಯೆಂದಿಟ್ಟುಕೊಂಡರೂ, ಒಂದು ಕೋಣೆಯಲ್ಲಿದ್ದ ಸಂಸಾರವು ಎರಡು ಕೋಣೆಗಳಿಗೆ ಬಾಡಿಗೆ ತೆರಬೇಕಾದ ಸಂದರ್ಭದಲ್ಲಿ ಅದು ದೂರದ ಮಾತಲ್ಲ. ಇದು ಕೇರಿಯ ಕೇಡಿಗೆ ಕಾದಂಬರಿ ಕೊಡುವ ಮೂರನೆಯ ಉತ್ತರ. ಬೀಜವೂ ಅಲ್ಲ, ಸೋಂಕೂ ಅಲ್ಲ, ಬಾಡಿಗೆ.

ಒಂದೇ ಪ್ರಘಟ್ಟದಲ್ಲಿ ನಿಂತಿರುವ ಈ ಎರಡು ಧ್ವನಿಗಳು ಪರಸ್ಪರ ಖಂಡಿಸುತ್ತವೆ. ಹೊರಹೋದವರು ಹೋದ ಕಡೆಯಲ್ಲೆಲ್ಲ ಜೇಗೊವನ್ನು ಮಾಡುತ್ತಾರೆ ಎಂಬುದು ಒಂದು ಮಾತು. ಮನೆಗಳನ್ನು ಕಡಮೆಮಾಡಿ, ಬಾಡಿಗೆಯನ್ನು ಏರಿಸಿ, ಅದೇ ಜನರನ್ನು ಉಳಿದ ಓಣಿಗಳಿಗೆ ನೂಕಿದರೆ ಅಲ್ಲಿ ಜೇಗೊ ಆಗದೆ ಏನಾದೀತು ಎಂಬುದು ಇನ್ನೊಂದು. ಮೊದಲನೆಯದು ಸಿದ್ಧಾಂತವನ್ನು ಮೊದಲೇ ಮಾಡಿಕೊಂಡವನ ಮಾತು. ಎರಡನೆಯದು ಬೀದಿಯಲ್ಲಿ ನಿಂತು ನೋಡಿದವನ ಮಾತು. ಗ್ರಂಥಕರ್ತನು ಇವೆರಡರಲ್ಲಿ ಒಂದನ್ನು ಆರಿಸುವುದಿಲ್ಲ. ವಿರೋಧವನ್ನು ಗುರುತಿಸಿದಂತೆಯೂ ತೋರುವುದಿಲ್ಲ. ಆರಿಸುವ ಹೊಣೆಯು ಓದುವವನದು. ೫,೭೧೯ ಮಂದಿಯಲ್ಲಿ ಹಿಂತಿರುಗಿದವರು ೧೧ ಎಂಬ ಚರಿತ್ರೆಯ ದಾಖಲೆಯನ್ನು ಬಳಿಯಲ್ಲಿಟ್ಟುಕೊಂಡು ಓದಿದರೆ ಆಯ್ಕೆಯು ಕಠಿನವಲ್ಲ.

ಇಲ್ಲಿ ಒಂದು ಪೂರ್ವಪಕ್ಷವನ್ನು ಪರಿಶೀಲಿಸಬೇಕು. ಆ ಕೇರಿಯನ್ನು ಕೆಡವದೆ ಬಿಡಬೇಕಾಗಿತ್ತೆ? ನಾಲ್ಕು ಶಿಶುಗಳಲ್ಲಿ ಒಂದು ಸಾಯುವ ಸ್ಥಳವನ್ನು ಉಳಿಸಬೇಕೆಂದು ಯಾರು ಹೇಳಿಯಾರು? ಈ ಆಕ್ಷೇಪವು ನ್ಯಾಯವಾದುದು. ಕೌನ್ಸಿಲಿನವರ ಸದುದ್ದೇಶದಲ್ಲಿಯೂ ಶಿಲ್ಪಿಗಳ ಪ್ರತಿಭೆಯಲ್ಲಿಯೂ ಸಂದೇಹಪಡಲು ಕಾರಣವಿಲ್ಲ. ದೋಷವಿರುವುದು ಕೆಡವಿದುದರಲ್ಲಿ ಅಲ್ಲ. ಹಳೆಯ ಮನೆ ಬೀಳುವ ದಿನಕ್ಕೂ ಹೊಸ ಮನೆ ಏಳುವ ದಿನಕ್ಕೂ ನಡುವೆ ಆ ಸಂಸಾರವು ಎಲ್ಲಿರಬೇಕು, ಹೊಸ ಬಾಡಿಗೆಯನ್ನು ಹೇಗೆ ತೆರಬೇಕು, ಕಸಬನ್ನು ಎಲ್ಲಿ ನಡಸಬೇಕು ಎಂಬುದನ್ನು ಯಾರೊಬ್ಬರ ಕರ್ತವ್ಯವನ್ನಾಗಿಯೂ ವಿಧಿಸದೆ ಹೋದುದರಲ್ಲಿ ದೋಷವಿದೆ. ತಲೆಗಳ ಸಂಖ್ಯೆಯನ್ನು ಸರಿಹೊಂದಿಸಿದ ಶಾಸನವು ಆ ತಲೆಗಳು ಯಾರವೆಂದು ಕೇಳಲಿಲ್ಲ.

೬

ನಿವಾಸಿಗಳಿಗೆ ದೊರೆತ ನೆರವಿನ ವಿಷಯದಲ್ಲಿಯೂ ಕಾದಂಬರಿಯ ಸಾಕ್ಷ್ಯವು ಪರೀಕ್ಷಾರ್ಹವಾಗಿದೆ. ಅದರಲ್ಲಿ ಎರಡು ಬಗೆಯ ನೆರವಿನ ಚಿತ್ರಗಳಿವೆ. ಮೊದಲನೆಯದು ಪೂರ್ವ ಲಂಡನ್ನಿನ ಉದ್ಧಾರಕ್ಕೆಂದು ಹೊರಗಿನವರು ಸ್ಥಾಪಿಸಿದ ಒಂದು ಸಂಸ್ಥೆಯದು. ಅದರ ಉತ್ಸವಕ್ಕೆ ಬಂದ ಬಿಷಪ್ಪನ ಗಡಿಯಾರವನ್ನು ಡಿಕಿಯು ಕದಿಯುತ್ತಾನೆ. ಸಂಸ್ಥೆಯವರು ಉದ್ಧರಿಸುವುದು ಉದ್ಧಾರವಾಗಬೇಕಾದ ಅಗತ್ಯವಿಲ್ಲದವರನ್ನು. ನಿಜವಾದ ಜೇಗೊದವರಿಗೆ ಅದರ ಬಾಗಿಲು ದೂರ. ಈ ವಿಡಂಬನೆಯು ತೀಕ್ಷ್ಣವಾಗಿದೆ, ಬಹುಮಟ್ಟಿಗೆ ನ್ಯಾಯವಾಗಿಯೂ ಇದೆ. ಕೆಲವು ವರ್ಷಗಳ ತರುವಾಯ ಕಟ್ಟಿಮುಗಿದ ಹೊಸ ವಸತಿಗಳಿಗೂ ಇದೇ ಮಾತು ಅನ್ವಯಿಸಿತು.

ಎರಡನೆಯದು ಫಾದರ್ ಸ್ಟರ್ಟನದು. ಅವನು ಕೇರಿಯಲ್ಲಿಯೇ ವಾಸಿಸುತ್ತಾನೆ, ಹೆಸರು ಹಿಡಿದು ಜನರನ್ನು ಬಲ್ಲನು, ಕೆಲಸವನ್ನು ಹುಡುಕಿಕೊಡುತ್ತಾನೆ, ಜಗಳದ ನಡುವೆ ನಿಂತು ಬಿಡಿಸುತ್ತಾನೆ. ರೋಪರ್ ಎಂಬ ಹೊಸ ಸಂಸಾರವು ಕೇರಿಯವರ ದಾಳಿಗೆ ಸಿಕ್ಕಿದಾಗ ಅವರನ್ನು ಕಾಪಾಡಿದವನು ಅವನೇ. ಕಿಡೊ ಕುಕ್ ಎಂಬ ತರಕಾರಿ ಮಾರುವವನೊಬ್ಬನು ತಲೆಯೆತ್ತಿ ಬಾಳುವಂತಾದುದಕ್ಕೂ ಅವನ ಆಸರೆಯೇ ಕಾರಣ. ಇದು ನಿಜವಾದ ನೆರವು. ಆದರೂ ಈ ನೆರವಿನ ಮಿತಿಯನ್ನು ಕಥೆಯೇ ಹೇಳುತ್ತದೆ. ಡಿಕಿಗೆ ಕೊಡಿಸಿದ ಕೆಲಸವು ವೀಚನ ಒಂದು ಸುಳ್ಳಿನಿಂದ ಹೋಯಿತು. ಸ್ಟರ್ಟನಿಗೆ ಕಾರಣವು ತಿಳಿಯಲಿಲ್ಲ; ಹುಡುಗನು ಹೇಳಲಿಲ್ಲ; ಕೇಳುವ ಏರ್ಪಾಡೂ ಇರಲಿಲ್ಲ. ಒಬ್ಬ ಪುಣ್ಯಪುರುಷನ ಕಣ್ಣಿಗೆ ಬಿದ್ದರೆ ಉಂಟು, ಬೀಳದಿದ್ದರೆ ಇಲ್ಲ ಎಂಬ ನೆರವು ಹಕ್ಕಾಗಲಾರದು. ಕಾದಂಬರಿಯ ದುರಂತವು ಹುಟ್ಟುವುದು ಸ್ಟರ್ಟನ ನಿರ್ಲಕ್ಷ್ಯದಿಂದಲ್ಲ, ಅವನು ಒಬ್ಬನೇ ಆಗಿದ್ದುದರಿಂದ.

ಈ ಕಥೆಯು ನಡೆದ ಸೀಮೆಯನ್ನೇ ಕುರಿತು ಅರುವತ್ತು ವರ್ಷಗಳ ತರುವಾಯ ಇನ್ನೊಂದು ಗ್ರಂಥವು ಹೊರಟಿತು. ಮೈಕೇಲ್ ಯಂಗ್ ಮತ್ತು ಪೀಟರ್ ವಿಲ್ಮಟ್ ಎಂಬವರು ೧೯೫೭ರಲ್ಲಿ ಪ್ರಕಟಿಸಿದ ‘ಫ್ಯಾಮಿಲಿ ಅಂಡ್ ಕಿನ್‌ಷಿಪ್ ಇನ್ ಈಸ್ಟ್ ಲಂಡನ್’ ಎಂಬುದೇ ಅದು. ಬೆತ್ನಲ್ ಗ್ರೀನ್‌ನಲ್ಲಿ ಉಳಿದವರನ್ನೂ, ಅಲ್ಲಿಂದ ಎಸೆಕ್ಸಿನ ಹೊಸ ಬಡಾವಣೆಗೆ ಹೋದವರನ್ನೂ ಕಂಡು ಕೇಳಿ ಬರೆದ ಈ ಗ್ರಂಥದಲ್ಲಿ, ಹಳೆಯ ಬೀದಿಗಳಲ್ಲಿ ತಾಯಿ ಮಗಳ ನಡುವೆ, ಅಕ್ಕತಂಗಿಯರ ನಡುವೆ, ನೆರೆಹೊರೆಯವರ ನಡುವೆ ನಿತ್ಯವೂ ನಡೆಯುತ್ತಿದ್ದ ಕೊಡುಕೊಳೆಯನ್ನು ವಿವರಿಸಿದ್ದಾರೆ. ಹೊಸ ಮನೆಗಳಲ್ಲಿ ಗಾಳಿ ಬೆಳಕು ನೀರು ಎಲ್ಲವೂ ಇದ್ದುವು. ಕಷ್ಟಕಾಲಕ್ಕೆ ಕರೆದರೆ ಬರುವ ತಾಯಿ ಇರಲಿಲ್ಲ. ಹಳೆಯ ಬೀದಿಯ ಸ್ನೇಹವನ್ನು ಇವರು ಅತಿಯಾಗಿ ಹೊಗಳಿದರೆಂಬ ಆಕ್ಷೇಪವೂ ಮುಂದೆ ಬಂದಿತು. ಅದರಲ್ಲಿ ಸ್ವಲ್ಪ ಸತ್ಯವಿರಬಹುದು. ಆದರೂ ಮಾರಿಸನ್ನನ ಚಿತ್ರದಲ್ಲಿ ಯಾವುದು ಬಿಟ್ಟುಹೋಗಿದೆಯೆಂಬುದನ್ನು ತಿಳಿಯಲು ಈ ಗ್ರಂಥವು ಕನ್ನಡಿಯಂತಿದೆ. ಕಾದಂಬರಿಯು ಕೇರಿಯ ಜಗಳವನ್ನು ಕೇಳಿತು. ಸಾಲಕ್ಕೆ ಕೊಟ್ಟ ಒಂದು ಬಟ್ಟಲು ಸಕ್ಕರೆಯನ್ನು ಕಾಣಲಿಲ್ಲ. ಕಾಣದಿದ್ದುದನ್ನು ಕೆಡವುವಾಗ ಕೈ ನಡುಗುವುದಿಲ್ಲ.

೭

ಈ ಗ್ರಂಥವನ್ನು ಕನ್ನಡದಲ್ಲಿ ವಿವರಿಸುವ ಉಪಾಧ್ಯಾಯನಿಗೆ ಮೊದಲ ಹೆಜ್ಜೆಯಲ್ಲಿಯೇ ಒಂದು ತೊಡಕು ಎದುರಾಗುತ್ತದೆ. ಜೇಗೊವನ್ನು ಯಾವ ಶಬ್ದದಿಂದ ಕರೆಯಬೇಕು? ರೂಢಿಯಲ್ಲಿರುವ ಶಬ್ದ ‘ಕೊಳಗೇರಿ’. ‘ಕೇರಿ’ ಎಂಬುದು ಹಳೆಯ, ಮರ್ಯಾದೆಯುಳ್ಳ ಶಬ್ದ. ಮೈಸೂರಿನ ಸುಣ್ಣದಕೇರಿ, ಕುಂಬಾರಗೇರಿ ಮೊದಲಾದ ಹೆಸರುಗಳಲ್ಲಿ ಅದು ಅಲ್ಲಿಯವರ ಕಸಬನ್ನೋ ಅಲ್ಲಿ ದೊರೆಯುವ ವಸ್ತುವನ್ನೋ ಮುಂದಿಟ್ಟುಕೊಂಡು ಸ್ಥಳವನ್ನು ಗುರುತಿಸುತ್ತದೆ. ‘ಕೊಳಗೇರಿ’ ಎಂಬಲ್ಲಿ ಆ ಕಸಬಿನ ಸ್ಥಾನವನ್ನು ಕೊಳೆಯು ಆಕ್ರಮಿಸಿದೆ. ಕುಂಬಾರಗೇರಿಯಲ್ಲಿ ಕುಂಬಾರರಿರುವಂತೆ ಕೊಳಗೇರಿಯಲ್ಲಿ ಕೊಳೆಯೇ ಇದೆಯೆಂಬ ಭಾವನೆಯನ್ನು ಶಬ್ದವೇ ಹುಟ್ಟಿಸುತ್ತದೆ. ಅಲ್ಲಿರುವ ಜನ ಏನು ಮಾಡುತ್ತಾರೆಂದು ಕೇಳುವ ಅವಕಾಶವು ಉಳಿಯುವುದಿಲ್ಲ. ಬೂತನ ನಕ್ಷೆಯ ಕಪ್ಪು ಬಣ್ಣವು ಮಾಡಿದ ಕೆಲಸವನ್ನೇ ಇಲ್ಲಿ ಸಮಾಸವು ಮಾಡುತ್ತದೆ. ಕರ್ನಾಟಕದಲ್ಲಿ ೧೯೭೩ರ ಶಾಸನದ ಹೆಸರಿನಲ್ಲಿ ಸುಧಾರಣೆ, ನಿರ್ಮೂಲನ ಎಂಬ ಎರಡು ಪದಗಳೂ ಜೊತೆಯಾಗಿವೆ. ಆ ಶಾಸನದಿಂದ ಹುಟ್ಟಿದ ಮಂಡಳಿಯು ಮೊದಲು ನಿರ್ಮೂಲನದ ಹೆಸರನ್ನು ಹೊತ್ತಿದ್ದು ಅನಂತರ ಅಭಿವೃದ್ಧಿ ಮಂಡಳಿಯಾಯಿತು. ನಿರ್ಮೂಲನವೆಂಬ ಪದದಲ್ಲಿರುವ ಮೂಲವು ಯಾವುದರದು, ಕೊಳೆಯದೋ ಕೇರಿಯದೋ ಎಂಬ ಸಂದೇಹಕ್ಕೆ ಈ ನಾಮಾಂತರವು ಸ್ವಲ್ಪಮಟ್ಟಿಗೆ ಸಮಾಧಾನ ಹೇಳಿದೆ. ಆದರೆ ಶಬ್ದವನ್ನು ತಿದ್ದಿದ ಮಾತ್ರಕ್ಕೆ ಬಾಡಿಗೆಯು ಇಳಿಯುವುದಿಲ್ಲವೆಂಬುದನ್ನೂ ನೆನಪಿಡಬೇಕು.

ಆದುದರಿಂದ ‘ಎ ಚೈಲ್ಡ್ ಆಫ್ ದಿ ಜೇಗೊ’ ಕಾದಂಬರಿಯನ್ನು ತಿರಸ್ಕರಿಸುವುದೂ ತಪ್ಪು, ಸಾಮಾಜಿಕ ಸತ್ಯದ ಪ್ರಮಾಣಗ್ರಂಥವೆಂದು ಹಾಗೆಯೇ ಸ್ವೀಕರಿಸುವುದೂ ತಪ್ಪು. ಗ್ರಂಥಕರ್ತನ ನಂಬಿಕೆಯು ಒಂದು ಕಡೆಗೆ ಎಳೆಯುತ್ತಿದ್ದರೂ ಅವನ ಅವಲೋಕನವು ಇನ್ನೊಂದು ಕಡೆಗೆ ನಡೆದಿರುವ ಕೃತಿಯೆಂದು ಅದನ್ನು ಓದಬೇಕು. ಬೀಜವಾದವನ್ನು ಹ್ಯಾನಳ ಹುಟ್ಟು ಖಂಡಿಸುತ್ತದೆ. ಸೋಂಕುವಾದವನ್ನು ಬಾಡಿಗೆಯ ವಾಕ್ಯವು ಖಂಡಿಸುತ್ತದೆ. ಹೀಗೆ ತನ್ನ ಮತವನ್ನು ತಾನೇ ಮುರಿಯುವಷ್ಟು ಪ್ರಾಮಾಣಿಕವಾದ ಕಣ್ಣು ಮಾರಿಸನ್ನನಿಗಿದ್ದಿತೆಂಬುದೇ ಅವನ ಹಿರಿಮೆ. ಆ ಕಣ್ಣಿಗೆ ಕಂಡುದನ್ನು ಬುದ್ಧಿಯು ಒಪ್ಪದೆ ಹೋದುದು ಅವನ ಮಿತಿ.

ಓಲ್ಡ್ ನಿಕಲ್ಲಿನ ಅವಶೇಷಗಳ ಮೇಲೆ ಎದ್ದ ದಿಬ್ಬದ ಉದ್ಯಾನದಲ್ಲಿ ಇಂದು ಮರಗಳು ಬೆಳೆದು ನೆರಳು ಕೊಡುತ್ತಿವೆ. ಸುತ್ತಲಿನ ಗೃಹಗಳು ೧೯೯೪ರಿಂದ ಶಾಸನದ ರಕ್ಷಣೆಗೆ ಒಳಪಟ್ಟು, ಕೆಡವಬಾರದ ಸ್ಮಾರಕಗಳಾಗಿವೆ. ಕಟ್ಟಡಕ್ಕೆ ದೊರೆತ ಈ ರಕ್ಷಣೆಯು ಅದಕ್ಕಿಂತ ಮೊದಲು ಅಲ್ಲಿದ್ದ ಸಂಸಾರಗಳಿಗೆ ದೊರೆಯಲಿಲ್ಲ. ಅವರು ಅಲ್ಲಿ ಇದ್ದರೆಂಬುದಕ್ಕೆ ಸಾಹಿತ್ಯದಲ್ಲಿ ಉಳಿದಿರುವ ಮುಖ್ಯವಾದ ಸಾಕ್ಷ್ಯವು ಅವರನ್ನು ದೂಷಿಸಿದ ಈ ಕಾದಂಬರಿಯೇ. ಆ ಸಾಕ್ಷಿಯನ್ನು ಪಾಟೀಸವಾಲಿಗೆ ಗುರಿಮಾಡಿ, ಅದು ಹೇಳಬಯಸಿದುದನ್ನೂ ಹೇಳಿಬಿಟ್ಟುದನ್ನೂ ಬೇರ್ಪಡಿಸಿಕೊಡುವುದು ವಿಮರ್ಶಕನ ಕರ್ತವ್ಯ.